ಯಂತ್ರ ಅಂಗಳಕ್ಕೆ ಬಂತು, ಮೇಸ್ತ್ರಿ ಬರಲಿಲ್ಲ

ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದು ತೋಟದಲ್ಲಲ್ಲ, ಬಟ್ಟೆ ಮಿಲ್ಲಿನಲ್ಲಿ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಸೀಮೆಯ ಸ್ಟ್ರೌಡ್ ಪಟ್ಟಣದ ಆಸುಪಾಸಿನಲ್ಲಿ ಆಗ ಉಣ್ಣೆ ಬಟ್ಟೆಯ ಮಿಲ್ಲುಗಳು ಸಾಲುಗಟ್ಟಿದ್ದವು. ನೇಯ್ದ ಬಟ್ಟೆಯ ಮೈಮೇಲೆ ಎದ್ದು ನಿಂತ ಎಳೆಗಳನ್ನು ಒಂದೇ ಮಟ್ಟಕ್ಕೆ ಸವರಲು ಅಲ್ಲೊಂದು ಯಂತ್ರವಿತ್ತು. ಉರುಳೆಯ ಸುತ್ತ ಸುರುಳಿಯಾಗಿ ಕೂರಿಸಿದ ಅಲಗುಗಳು ತಿರುಗುತ್ತ, ಕೆಳಗೆ ಅಲುಗಾಡದೆ ನಿಂತ ಉಕ್ಕಿನ ಪಟ್ಟಿಗೆ ಒರಸಿಕೊಂಡು ಹೋಗುತ್ತಿದ್ದವು. ನಡುವೆ ಸಿಕ್ಕ ಎಳೆ ತುಂಡಾಗುತ್ತಿತ್ತು. ಎಡ್ವಿನ್ ಬಡ್ಡಿಂಗ್ ಎಂಬ ಕುಶಲಕರ್ಮಿ ಇದನ್ನು ನೋಡಿ, ಬಟ್ಟೆಗೆ ಆದದ್ದು ಹುಲ್ಲಿಗೆ ಯಾಕಾಗಬಾರದು ಎಂದು ಯೋಚಿಸಿದ. 1830ರ ಆಗಸ್ಟ್ 31ರಂದು ಅವನಿಗೆ ಪೇಟೆಂಟ್ ಸಿಕ್ಕಿತು. ಜಾನ್ ಫೆರಾಬಿ ಎಂಬುವನ ಫೌಂಡ್ರಿಯಲ್ಲಿ 19 ಇಂಚು ಅಗಲಕ್ಕೆ ಕತ್ತರಿಸುವ, ಕೈಯಿಂದ ತಳ್ಳುವ ಎರಕದ ಕಬ್ಬಿಣದ ಯಂತ್ರಗಳು ತಯಾರಾದವು. ಜನ ನೋಡಿ ನಕ್ಕಾರೆಂದು ಬಡ್ಡಿಂಗ್ ತನ್ನ ಯಂತ್ರವನ್ನು ರಾತ್ರಿ ಹೊತ್ತು ಓಡಿಸಿ ನೋಡುತ್ತಿದ್ದ ಎಂಬ ಕತೆಯೂ ಇದೆ. ಬಾಯಿ ಅಗಲವನ್ನು ಬೇಕಾದಂತೆ ಹೊಂದಿಸಿಕೊಳ್ಳುವ ಸ್ಪ್ಯಾನರ್ ಒಂದನ್ನು ರೂಪಿಸಿದ ಹಿರಿಮೆಯೂ ಇವನದೇ.

ಮಿಲ್ಲು, ಫೌಂಡ್ರಿ, ಸ್ಪ್ಯಾನರ್. ಈ ಮೂರೂ ದಾವಣಗೆರೆ ಮತ್ತು ಹರಿಹರದವರ ಮನೆಮಾತು. ಹದಿನಾಲ್ಕು ಕಿಲೋಮೀಟರ್ ಅಂತರದ ಈ ಎರಡು ಊರುಗಳಷ್ಟು ತಿರುಗುವ ಯಂತ್ರದ ಜೊತೆ ಬದುಕಿದ ಊರುಗಳು ಮಧ್ಯ ಕರ್ನಾಟಕದಲ್ಲಿ ಕಡಿಮೆ. ಹಾಗಿರುವಾಗ ಇಂದು ಇಲ್ಲಿನ ಪಾರ್ಕುಗಳಲ್ಲಿ, ಕಾಲೇಜು ಆವರಣಗಳಲ್ಲಿ, ಬಡಾವಣೆಗಳ ಮನೆಯಂಗಳದಲ್ಲಿ ಪೆಟ್ರೋಲ್ ಲಾನ್ ಮೋವರ್ ತಳ್ಳುವವರು ಹವಾಯಿ ಚಪ್ಪಲಿಯಲ್ಲೇ ಕೆಲಸಕ್ಕೆ ಇಳಿಯುತ್ತಾರೆಂದರೆ, ಮಿಲ್ಲಿನ ಅಂಗಳದಿಂದ ಲಾನಿಗೆ ಬರುವ ದಾರಿಯಲ್ಲಿ ಏನೋ ಒಂದು ಕಳಚಿ ಬಿದ್ದಿದೆ ಎಂದೇ ಅರ್ಥ. ಆ ದಾರಿಯನ್ನು ಒಮ್ಮೆ ಹಿಂದಕ್ಕೆ ನಡೆದು ನೋಡಬೇಕು.

ದಾವಣಗೆರೆ ಮೊದಲಿನಿಂದಲೂ ವ್ಯಾಪಾರದ ಊರು. ಹೈದರಾಲಿ ಇದನ್ನು ಅಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಅಪೋಜಿ ರಾಮ್ ವರ್ತಕರನ್ನು ಕರೆದು ನೆಲೆಗೊಳಿಸಿದ. ಊರು ಕಂಬಳಿಗೆ ಹೆಸರಾಗಿತ್ತು. ಅಂದರೆ ಇಲ್ಲಿಯೂ ಕತೆ ಶುರುವಾಗುವುದು ಉಣ್ಣೆಯಿಂದಲೇ. ಆದರೆ ಇಲ್ಲಿ ಕುರಿಯ ಮೈಗೆ ಕತ್ತರಿ, ಹುಲ್ಲಿಗೆ ಕುಡುಗೋಲು. ಎರಡೂ ಕೈಯ ಅಳತೆಯ ಆಯುಧಗಳು. ಕುಡುಗೋಲು ಕೈ ಕುಯ್ಯುವುದಿಲ್ಲವೆಂದಲ್ಲ, ಕುಯ್ಯುತ್ತದೆ. ಆದರೆ ಕೈ ನಿಂತರೆ ಕುಡುಗೋಲೂ ನಿಲ್ಲುತ್ತದೆ. ಎಂಜಿನ್ನಿಗೆ ಹಾಕಿದ ಅಲಗಿಗೆ ಈ ಗುಣ ಇಲ್ಲ. ಯಂತ್ರದ ಸುರಕ್ಷತೆಯ ಇತಿಹಾಸವೆಲ್ಲ ಈ ಒಂದು ವ್ಯತ್ಯಾಸದ ಸುತ್ತ ಬರೆದದ್ದು.

ಆ ಪಾಠ ಈ ಸೀಮೆಗೆ ಮೊದಲು ಬಂದದ್ದು ಹತ್ತಿಯ ಜೊತೆ. ಕಪ್ಪು ಮಣ್ಣಿನ ಹತ್ತಿ ದಾವಣಗೆರೆಯ ಪೇಟೆಗೆ ಬರುತ್ತಿತ್ತು; ಅದರ ಬೆನ್ನಿಗೇ ಬೀಜ ಬಿಡಿಸುವ ಜಿನ್ನಿಂಗ್, ಅಂಡಿಗೆ ಒತ್ತುವ ಪ್ರೆಸ್ಸಿಂಗ್ ಕಾರ್ಖಾನೆಗಳು. 1930ರ ದಶಕದಲ್ಲಿ ದೊಡ್ಡ ನೂಲಿನ ಮಿಲ್ಲುಗಳು ತಲೆಯೆತ್ತಿದವು. ಡಿಸಿಎಂ ಎಂಬ ಮೂರಕ್ಷರದಲ್ಲಿ ಇಂದಿಗೂ ಬಡಾವಣೆಯ ಹೆಸರಾಗಿ ಉಳಿದಿರುವ ದಾವಣಗೆರೆ ಕಾಟನ್ ಮಿಲ್, ತೋಳಹುಣಸೆಯ ಯಲ್ಲಮ್ಮ ಕಾಟನ್ ಮಿಲ್ ಮುಂತಾದವು ಸೇರಿ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ತಂದವು. ಬೆಣ್ಣೆದೋಸೆ ಅದನ್ನು ಮರೆಸಿದ್ದು ಆಮೇಲಿನ ಮಾತು.

ಮಿಲ್ಲು ಬಂದಲ್ಲಿ ಕಾನೂನೂ ಬಂತು. ಭಾರತದ ಮೊದಲ ಫ್ಯಾಕ್ಟರಿ ಕಾಯ್ದೆ 1881ರದು. ನೂರು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಿಗೆ ಮಾತ್ರ ಅನ್ವಯ. ಏಳು ವರ್ಷ ತುಂಬದ ಮಕ್ಕಳನ್ನು ಸೇರಿಸಿಕೊಳ್ಳುವಂತಿಲ್ಲ, ಅಪಾಯದ ಯಂತ್ರಗಳಿಗೆ ಬೇಲಿ ಹಾಕಬೇಕು. ಏಳು ವರ್ಷ ಎಂಬುದನ್ನು ಓದಿದರೆ ಇಂದು ಮೈ ಜುಮ್ಮೆನ್ನುತ್ತದೆ, ಆದರೆ ಅಲ್ಲಿಂದಲೇ ಶುರು. ಸ್ವಾತಂತ್ರ್ಯದ ನಂತರ ಬಂದ 1948ರ ಫ್ಯಾಕ್ಟರಿ ಕಾಯ್ದೆ ಎಷ್ಟೋ ಪಟ್ಟು ಬಿಗಿ. ಅದರ 21ನೇ ಕಲಮು ಚಕ್ರ, ಪಟ್ಟಾ, ಗೇರುಗಳಿಗೆ ಭದ್ರವಾದ ಬೇಲಿ ಇರಲೇಬೇಕೆಂದಿತು. 22ನೇ ಕಲಮು ಇನ್ನೂ ಸ್ವಾರಸ್ಯದ್ದು: ಓಡುತ್ತಿರುವ ಯಂತ್ರದ ಹತ್ತಿರ ಹೋಗಿ ಪರೀಕ್ಷೆ ಮಾಡಲೇಬೇಕಾದರೆ ಅದಕ್ಕೆಂದೇ ತರಬೇತಿ ಪಡೆದ ವಯಸ್ಕ ಗಂಡಸು ಮಾತ್ರ ಹೋಗಬೇಕು, ಅವನ ಹೆಸರು ರಿಜಿಸ್ಟರಿನಲ್ಲಿರಬೇಕು, ಮೈಗಂಟಿದ ಬಟ್ಟೆ ತೊಟ್ಟಿರಬೇಕು, ಆ ಬಟ್ಟೆಯನ್ನು ಮಾಲೀಕನೇ ಕೊಡಬೇಕು. ಪಂಚೆಯ ಸೆರಗು ಪಟ್ಟಾಕ್ಕೆ ಸಿಕ್ಕರೆ ಆಮೇಲೆ ಎಳೆದುಕೊಳ್ಳುವುದು ಪಂಚೆಯನ್ನಷ್ಟೇ ಅಲ್ಲ ಎಂಬುದು ಕಾನೂನು ಬರೆದವರಿಗೆ ಗೊತ್ತಿತ್ತು.

27ನೇ ಕಲಮನ್ನು ಓದಿದರೆ ದಾವಣಗೆರೆಯಂಥ ಊರನ್ನು ಕಣ್ಣೆದುರು ಇಟ್ಟುಕೊಂಡೇ ಬರೆದಂತಿದೆ. ಹತ್ತಿ ಅಂಡಿಗೆ ಒತ್ತುವ ಕಾರ್ಖಾನೆಯಲ್ಲಿ ಹತ್ತಿ ಬಿಡಿಸುವ ಯಂತ್ರ ಓಡುತ್ತಿರುವ ಭಾಗದಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಕೆಲಸಕ್ಕೆ ಹಚ್ಚುವಂತಿರಲಿಲ್ಲ. ಹತ್ತಿ ಉಣಿಸುವ ಬಾಯಿಗೂ ಹತ್ತಿ ಹೊರಬೀಳುವ ಬಾಯಿಗೂ ನಡುವೆ ಚಾವಣಿವರೆಗೆ ಗೋಡೆ ಇದ್ದರೆ ಮಾತ್ರ ಉಣಿಸುವ ಬದಿಯಲ್ಲಿ ಅವರು ದುಡಿಯಬಹುದಿತ್ತು. 24ನೇ ಕಲಮು ಪ್ರತಿ ಕೆಲಸದ ಕೋಣೆಯಲ್ಲೂ ತುರ್ತಿಗೆ ಶಕ್ತಿ ಕಡಿದು ಯಂತ್ರ ನಿಲ್ಲಿಸುವ ಸಾಧನ ಇರಬೇಕೆಂದಿತು. ಈ ಕೊನೆಯದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಲಾನ್ ಮೋವರಿನ ಹಿಡಿಕೆಯ ಮೇಲಿರುವ ತೆಳು ಸರಳಿನ ಅಜ್ಜ ಇದೇ.

ಬೆರಳಿಗೆ ಬೆಲೆ ಕಟ್ಟಿದ ಕಾನೂನೂ ಉಂಟು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ದೇಹದ ಒಂದೊಂದು ಭಾಗಕ್ಕೂ ಗಳಿಕೆಯ ಶಕ್ತಿ ಶೇಕಡ ಎಷ್ಟು ಕುಗ್ಗುತ್ತದೆಂಬ ಲೆಕ್ಕವಿತ್ತು: ಹೆಬ್ಬೆರಳು ಹೋದರೆ 30, ತೋರುಬೆರಳು ಪೂರ್ತಿ ಹೋದರೆ 14, ಒಂದು ಕೈಯ ನಾಲ್ಕು ಬೆರಳೂ ಹೋದರೆ 50. ಓದಲು ಕ್ರೂರವಾಗಿ ಕಂಡರೂ ಮಿಲ್ಲಿನ ಕಾರ್ಮಿಕನ ಮಟ್ಟಿಗೆ ಇದು ಬಹುದೊಡ್ಡ ಗೆಲುವು. ಅದಕ್ಕೆ ಮೊದಲು ಬೆರಳಿಗೆ ಬೆಲೆಯೇ ಇರಲಿಲ್ಲ.

ಹಾಗೆಂದು ಮಿಲ್ಲುಗಳ ಕಾಲವನ್ನು ಸುವರ್ಣಯುಗ ಮಾಡಿ ಬರೆಯುವುದು ತಪ್ಪಾದೀತು. ಕಾನೂನು ಪುಸ್ತಕದಲ್ಲಿತ್ತು ಅಂದಮಾತ್ರಕ್ಕೆ ಯಂತ್ರದ ಮೇಲೆ ಜಾಲರಿ ಇತ್ತೆಂದಲ್ಲ. ಕಿವಿಗಡಚಿಕ್ಕುವ ಸದ್ದು, ಮೂಗಿಗೆ ಹೋಗುವ ಹತ್ತಿಯ ಧೂಳು, ಪಾಳಿ ಮುಗಿಯುವ ಹೊತ್ತಿನ ಸುಸ್ತು ಎಲ್ಲವೂ ಇದ್ದವು. ನಿಯಮಗಳು ಪಾಲನೆಯಾಗಲು ಇನ್ಸ್‌ಪೆಕ್ಟರಿನ ಭೇಟಿಯಷ್ಟೇ ಕಾರ್ಮಿಕ ಸಂಘದ ಒತ್ತಡವೂ ಬೇಕಿತ್ತು. ದಾವಣಗೆರೆಯಲ್ಲಿ ಆ ಒತ್ತಡ ಎಷ್ಟು ಬಲವಾಗಿತ್ತೆಂದರೆ, ಕಮ್ಯುನಿಸ್ಟ್ ಪಕ್ಷದ ಪಂಪಾಪತಿ ಅವರನ್ನು ಊರು ಒಂದಕ್ಕಿಂತ ಹೆಚ್ಚು ಬಾರಿ ವಿಧಾನಸಭೆಗೆ ಕಳಿಸಿತು. ಮೇಸ್ತ್ರಿಯ ಗದರಿಕೆ, ಇನ್ಸ್‌ಪೆಕ್ಟರಿನ ನೋಟೀಸು, ಸಂಘದ ಅರ್ಜಿ ಸೇರಿ ಒಂದು ಅಭ್ಯಾಸ ಬೆಳೆಸಿದವು: ಯಂತ್ರ ನಿಂತ ಮೇಲೆ ಕೈ.

ಹರಿಹರ ಇದೇ ಪಾಠವನ್ನು ಬೇರೆ ಶಾಲೆಯಲ್ಲಿ ಕಲಿಯಿತು. 1220ರ ದಶಕದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಊರು ಇದು. ತುಂಗಭದ್ರೆಗೆ ಹದಿನಾಲ್ಕು ಕಮಾನುಗಳ ಸೇತುವೆ ಮುಗಿದದ್ದು 1868ರಲ್ಲಿ. ಬೆಂಗಳೂರಿನಿಂದ ಧಾರವಾಡದ ಕಡೆ ಹೋಗುವ ಹೆದ್ದಾರಿ ಅದರ ಮೇಲೆಯೇ ಹೊಳೆ ದಾಟುತ್ತಿತ್ತು. ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ಬ್ರಿಟಿಷರ ಮುಂಬಯಿ ಪ್ರಾಂತ. ಗಡಿಯಲ್ಲಿದ್ದ ಈ ಊರಿಗೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು.

ಕಿರ್ಲೋಸ್ಕರರ ಕತೆಗೂ ಹುಲ್ಲಿಗೂ ನೇರ ನಂಟಿದೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಅವರು ಮೊದಮೊದಲು ತಯಾರಿಸಿ ಮಾರಿದ ವಸ್ತು ಮೇವು ಕತ್ತರಿಸುವ ಯಂತ್ರ. ಅದಾದ ಮೇಲೆ ಕಬ್ಬಿಣದ ನೇಗಿಲು, 1910ರಲ್ಲಿ ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ. ಮೇವಿನ ಯಂತ್ರವನ್ನು ಹತ್ತಿರದಿಂದ ಕಂಡವರಿಗೆ ಅದರ ಸ್ವಭಾವ ಗೊತ್ತು. ದೊಡ್ಡ ಚಕ್ರ, ಚಕ್ರದ ಕಡ್ಡಿಗಳಿಗೆ ಕಟ್ಟಿದ ಬಾಗಿದ ಅಲಗು, ಇನ್ನೊಂದು ಬದಿ ಜೋಳದ ದಂಟು ತುರುಕುವ ತೊಟ್ಟಿ. ಕೈಯಲ್ಲಿ ತಿರುಗಿಸುವವರೆಗೆ ಅದು ಸಾಧು. ಮೋಟಾರ್ ಹಾಕಿದ ದಿನದಿಂದ ಬೇರೆಯೇ ಪ್ರಾಣಿ, ಕೊನೆಯ ಹಿಡಿ ದಂಟನ್ನು ಬೆರಳಿನಿಂದ ಒತ್ತಿ ಒಳಕ್ಕೆ ದೂಡುವ ಅಭ್ಯಾಸ ಮಾತ್ರ ಹಳೆಯದೇ.

ಹರಿಹರದ ಕಾರ್ಖಾನೆ ಮೇವಿನ ಯಂತ್ರಕ್ಕಾಗಿ ಕಟ್ಟಿದ್ದಲ್ಲ. ಎರಡನೇ ಮಹಾಯುದ್ಧದ ನಡುವೆ ಯಂತ್ರ ಮಾಡುವ ಯಂತ್ರಗಳಿಗೆ ಕೊರತೆಯಿದ್ದಾಗ ಲೇತ್ ತಯಾರಿಸಲು ಹುಟ್ಟಿದ್ದು. ಕಾರ್ಖಾನೆ ಇದ್ದ ಯಂತ್ರಾಪುರದಿಂದ ಹೊರಟ ಲೇತ್‌ಗಳು ದೇಶದ ಐಟಿಐಗಳಲ್ಲಿ, ಪಾಲಿಟೆಕ್ನಿಕ್‌ಗಳಲ್ಲಿ, ಗಲ್ಲಿಯ ವರ್ಕ್‌ಶಾಪ್‌ಗಳಲ್ಲಿ ನೆಲೆಯೂರಿದವು. ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಎಂಬ ಮಾದರಿಗಳೆಂದರೆ ಟರ್ನರ್‌ಗಳಿಗೆ ಇಂದಿಗೂ ಗೊತ್ತು.

ಲೇತ್ ಕಲಿಯುವ ಹುಡುಗನಿಗೆ ಮೊದಲು ಕಲಿಸುವುದು ಕಬ್ಬಿಣ ಕಡಿಯುವುದನ್ನಲ್ಲ, ಚಕ್ ಕೀ ಎಂಬ ‘ಟಿ’ ಆಕಾರದ ಸಣ್ಣ ಚಾವಿಯನ್ನು ಎಲ್ಲಿಡಬೇಕೆಂಬುದನ್ನು. ಜಾಬನ್ನು, ಅಂದರೆ ಕಡಿಯಬೇಕಾದ ಕಬ್ಬಿಣವನ್ನು, ಚಕ್ಕು ಎಂಬ ತಿರುಗುವ ಹಿಡಿತಕ್ಕೆ ಬಿಗಿಯುವಾಗ ಚಾವಿ ಚಕ್ಕಿನ ತೂತಿನಲ್ಲಿರುತ್ತದೆ. ಅದನ್ನು ಅಲ್ಲೇ ಮರೆತು ಸ್ವಿಚ್ ಒತ್ತಿದರೆ ಚಕ್ಕು ತಿರುಗಿದ ಕ್ಷಣವೇ ಅರ್ಧ ಕೆಜಿಯ ಉಕ್ಕು ಯಾರ ಮುಖ ಎಲ್ಲಿದೆಯೆಂದು ನೋಡದೆ ಹಾರುತ್ತದೆ. ಅದಕ್ಕೇ ಪಟ್ಟು ಹಿಡಿದು ಹೇಳುವುದು: ಚಾವಿ ಚಕ್ಕಿನಲ್ಲಿರುವಷ್ಟು ಹೊತ್ತೂ ಕೈ ಚಾವಿಯ ಮೇಲಿರಲಿ, ಕೈ ತೆಗೆದರೆ ಚಾವಿಯೂ ಈಚೆಗೆ ಬರಲಿ. ಇದರ ಜೊತೆಗೆ ಬಂದವು ಉಳಿದವು. ತೋಳು ಮಡಚು, ಉಂಗುರ ತೆಗೆ, ಗಡಿಯಾರ ತೆಗೆ, ಸುರುಳಿಯಾಗಿ ಬರುವ ಬಿಸಿ ಸಿಪ್ಪೆಯನ್ನು ಬೆರಳಲ್ಲಿ ಎಳೆಯಬೇಡ, ಕನ್ನಡಕ ಹಾಕು. 1961ರ ಅಪ್ರೆಂಟಿಸ್ ಕಾಯ್ದೆ ಇಂಥ ಕಲಿಕೆಗೆ ಕಾನೂನಿನ ಚೌಕಟ್ಟು ಕೊಟ್ಟಿತು. ಹಿರಿಯ ಟರ್ನರ್‌ನ ಬೈಗುಳ ಕೊಟ್ಟದ್ದು ಅದಕ್ಕಿಂತ ಹೆಚ್ಚು.

ಆಮೇಲೆ ಎರಡೂ ಶಾಲೆಗಳು ಮುಚ್ಚಿದವು. ದಾವಣಗೆರೆಯ ಮಿಲ್ಲುಗಳು ಒಂದೊಂದಾಗಿ ನಿಂತವು. ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭಕ್ಕೆ ಬಾಗಿಲು ಹಾಕಿತು. ಸಂಬಳ ಹೋದದ್ದು, ಸಂಸಾರಗಳು ಚದುರಿದ್ದು ಎಲ್ಲರೂ ಬಲ್ಲ ಕತೆ. ಯಂತ್ರದ ಮುಂದೆ ಹೇಗೆ ನಿಲ್ಲಬೇಕೆಂಬ ತಿಳಿವಳಿಕೆಯೂ ಆ ಜನರ ಜೊತೆಗೇ ನಿವೃತ್ತವಾಯಿತು ಎಂಬುದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಇತ್ತ ಬಡ್ಡಿಂಗನ ಯಂತ್ರ ಏನಾಗಿತ್ತು? ಅದನ್ನು ಮೊದಲು ಮನುಷ್ಯರು ತಳ್ಳಿದರು, ಆಮೇಲೆ ಕುದುರೆಗಳು ಎಳೆದವು. ಹುಲ್ಲಿನ ಮೇಲೆ ಗೊರಸಿನ ಗುರುತು ಬೀಳದಿರಲೆಂದು ಕುದುರೆಗೂ ಚರ್ಮದ ಬೂಟು ತೊಡಿಸುತ್ತಿದ್ದರು. (ತಳ್ಳುವವನಿಗೆ ಬೂಟು ಬೇಕೆಂಬ ಯೋಚನೆ ಬಂದದ್ದು ಬಹಳ ತಡವಾಗಿ.) 1902ರಲ್ಲಿ ಇಪ್ಸ್‌ವಿಚ್‌ನ ರ‍್ಯಾನ್ಸಮ್ಸ್ ಕಂಪನಿ ಪೆಟ್ರೋಲ್ ಎಂಜಿನ್ನಿನ ಮೋವರ್ ಮಾರಾಟಕ್ಕೆ ತಂದಿತು. ಅಲ್ಲಿಯವರೆಗೂ ಕತ್ತರಿಸುವ ರೀತಿ ಮಿಲ್ಲಿನದೇ, ಉರುಳೆ ಮತ್ತು ಪಟ್ಟಿ. 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೊಟೊಸೈತ್ ಎಂಬ ಮೋವರ್ ಬಂತು, 1952ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ತನ್ನ ವಿಕ್ಟಾ ಮೋವರ್ ಕಟ್ಟಿದ. ಅವನ ಮೊದಲ ಮಾದರಿಗೆ ಪೆಟ್ರೋಲ್ ಟ್ಯಾಂಕಾಗಿ ಬಳಕೆಯಾದದ್ದು ಪೀಚ್ ಹಣ್ಣಿನ ಖಾಲಿ ಡಬ್ಬ. ಈ ಹೊಸ ಮಾದರಿಗಳಲ್ಲಿ ಉರುಳೆ ಇಲ್ಲ. ಮಗುಚಿದ ಬಾಣಲೆಯಂಥ ಮುಚ್ಚಳದ ಕೆಳಗೆ ಒಂದೇ ಬ್ಲೇಡು ನೆಲಕ್ಕೆ ಸಮನಾಗಿ ಗಿರಗಿರನೆ ಸುತ್ತುತ್ತದೆ. ಉರುಳೆಯ ಯಂತ್ರ ಹುಲ್ಲನ್ನು ಕತ್ತರಿಸಿದರೆ ಇದು ಬಡಿದು ತುಂಡರಿಸುತ್ತದೆ. ಬಡಿದು ತುಂಡರಿಸಲು ವೇಗ ಬೇಕು.

ಎಷ್ಟು ವೇಗ? ಸುಮಾರು 46 ಸೆಂಟಿಮೀಟರ್, ಅಂದರೆ 18 ಇಂಚಿನ ಬ್ಲೇಡು ನಿಮಿಷಕ್ಕೆ 3,000 ಸುತ್ತು ಹಾಕಿದರೆ ಅದರ ತುದಿ ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗದಲ್ಲಿ ದಾವಣಗೆರೆ ಬಿಟ್ಟವರು ಮೂರೂಕಾಲು ನಿಮಿಷಕ್ಕೆ ಹರಿಹರದಲ್ಲಿರುತ್ತಾರೆ. ಅಂಥ ಅಲಗಿನ ದಾರಿಗೆ ಜಲ್ಲಿಕಲ್ಲು ಸಿಕ್ಕರೆ, ಒಡೆದ ಬಾಟಲಿಯ ಚೂರು ಸಿಕ್ಕರೆ, ಸೆಂಟ್ರಿಂಗ್ ಕೆಲಸದವರು ಬಿಟ್ಟುಹೋದ ಬೈಂಡಿಂಗ್ ತಂತಿ ಸಿಕ್ಕರೆ ಏನಾದೀತೆಂದು ವಿವರಿಸಬೇಕಿಲ್ಲ.

ಅಮೆರಿಕದಲ್ಲಿ ಬೆರಳು, ಪಾದ ಕಳೆದುಕೊಂಡವರ ಸಂಖ್ಯೆ ಬೆಳೆದು ಕೊನೆಗೆ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗ ನಿಯಮ ತಂದಿತು. 1982ರ ಜೂನ್ 30ರ ನಂತರ ತಯಾರಾಗುವ, ಹಿಂದೆ ನಡೆದುಕೊಂಡು ತಳ್ಳುವ ಮೋವರುಗಳಲ್ಲಿ ಹಿಡಿಕೆಯ ಸರಳನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಬ್ಲೇಡು ತಿರುಗಬೇಕು. ಕೈ ಬಿಟ್ಟ ಮೂರು ಸೆಕೆಂಡಿನೊಳಗೆ ಪೂರ್ತಿ ನಿಲ್ಲಬೇಕು. ಮಿಲ್ಲಿನ ಗೋಡೆಯ ಮೇಲಿದ್ದ ತುರ್ತು ನಿಲುಗಡೆ ಹೀಗೆ ಕೆಲಸಗಾರನ ಅಂಗೈಗೆ ಬಂತು. ಆದರೂ ಮೂರು ಸೆಕೆಂಡು ಸಣ್ಣ ಹೊತ್ತಲ್ಲ. ಸೆಕೆಂಡಿಗೆ 50 ಸುತ್ತು ಹಾಕುತ್ತಿದ್ದ ಬ್ಲೇಡು ಸಮನಾಗಿ ನಿಧಾನವಾಗುತ್ತ ನಿಂತರೂ ಆ ಮೂರು ಸೆಕೆಂಡಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಸುತ್ತು ಹಾಕಿರುತ್ತದೆ. ಸದ್ದು ನಿಂತಿತೆಂದು ಕೈ ಹಾಕುವವರು ಬೆರಳು ಕಳೆದುಕೊಳ್ಳುವುದು ಆ ಸುತ್ತುಗಳಲ್ಲೇ. ಇನ್ನು ಆ ಸರಳನ್ನು ಹಿಡಿಕೆಗೆ ಸೇರಿಸಿ ಸುತ್ತಲಿ ದಾರದಿಂದ ಬಿಗಿದು ‘ಕೈ ನೋಯುತ್ತೆ ಕಣಣ್ಣ’ ಎನ್ನುವ ಜಾಣತನಕ್ಕೆ ಏನನ್ನಬೇಕು? ಅಷ್ಟು ಗುದ್ದಾಡಿ ಪಡೆದ ಕಾನೂನನ್ನು ಎರಡು ಮೊಳ ದಾರ ರದ್ದು ಮಾಡುತ್ತದೆ.

ನಮ್ಮಲ್ಲೂ ಹೊಲದ ಯಂತ್ರಕ್ಕೆಂದೇ ಒಂದು ಕಾನೂನು ಬಂತು, ಆದರೆ ಒಕ್ಕಣೆ ಯಂತ್ರದ ದೆಸೆಯಿಂದ. ಹಸಿರು ಕ್ರಾಂತಿಯ ಬೆನ್ನಿಗೆ ಉತ್ತರ ಭಾರತದಲ್ಲಿ ಗೋಧಿ ಒಕ್ಕುವ ಯಂತ್ರಗಳಿಗೆ ಸಿಕ್ಕು ಕೈ ಕಳೆದುಕೊಂಡವರು ಎಷ್ಟಾದರೆಂದರೆ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ಮಾಡಬೇಕಾಯಿತು. ತಯಾರಕರಿಗೆ ಲೈಸೆನ್ಸ್, ಗಾಯಗೊಂಡವರಿಗೆ ಪರಿಹಾರ, ಪೈರು ಉಣಿಸುವ ತೊಟ್ಟಿಯಿಂದ ಕೈ ಒಳಗಿನ ಉರುಳೆಗೆ ಎಟುಕದಂತೆ ವಿನ್ಯಾಸ. ಭದ್ರಾ ನಾಲೆಯ ನೀರು ಕುಡಿದು ಭತ್ತದ ಕಣಜವಾದ ದಾವಣಗೆರೆ, ಹರಿಹರದ ರೈತರೂ ಆ ಯಂತ್ರಗಳನ್ನು ಬಲ್ಲರು. ಆದರೆ ಆ ಕಾಯ್ದೆ ‘ಅಪಾಯಕಾರಿ ಯಂತ್ರ’ ಎಂದು ಹೆಸರಿಸಿದ್ದು ಒಕ್ಕಣೆ ಯಂತ್ರವನ್ನು. ಕೃಷಿಯ, ಹಳ್ಳಿಗಾಡಿನ ಬೇರೆ ಯಂತ್ರ ಸೇರಬೇಕಾದರೆ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಊರೊಳಗಿನ ಹುಲ್ಲುಹಾಸು ಅದರ ಕಣ್ಣಿಗೆ ಬಿದ್ದದ್ದೇ ಇಲ್ಲ. ಫ್ಯಾಕ್ಟರಿ ಕಾಯ್ದೆಗೂ ಅಷ್ಟೆ, ಅದರ ಲೆಕ್ಕದಲ್ಲಿ ಪಾರ್ಕು ಫ್ಯಾಕ್ಟರಿಯಾಗಿರಲಿಲ್ಲ.

ಹುಲ್ಲುಹಾಸು ಬೆಳೆದದ್ದು ಮಾತ್ರ ಜೋರಾಗಿ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು, 2007ರಲ್ಲಿ ಮಹಾನಗರ ಪಾಲಿಕೆ ಬಂತು. 2016ರ ಜನವರಿಯಲ್ಲಿ ಪ್ರಕಟವಾದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಊರಿನ ಹೆಸರಿತ್ತು. 2018ರಲ್ಲಿ ಲಾಲ್‌ಬಾಗಿನ 1889ರ ಗಾಜಿನ ಮನೆಯನ್ನು ನೆನಪಿಸುವ ಗಾಜಿನ ಮನೆ ಕುಂದುವಾಡ ಕೆರೆಯ ಕಡೆ ತೆರೆಯಿತು. ಮಿಲ್ಲುಗಳ ಜಾಗವನ್ನು ಕಾಲೇಜುಗಳು ತುಂಬಿದವು. ಕಾಲೇಜು ಎಂದರೆ ಎದುರಿಗೊಂದು ಲಾನ್. ಕುಡುಗೋಲಿನಲ್ಲಿ ಇಷ್ಟು ಹುಲ್ಲು ಕೊಯ್ಯಲಾಗದು. ಯಂತ್ರ ಬಂತು, ಅದರ ಜೊತೆ ಗುತ್ತಿಗೆದಾರ ಬಂದ, ಅವನ ಕೈಕೆಳಗೆ ದಿನಗೂಲಿಯ ಮಾಲಿ. ಇನ್ನೊಂದೆಡೆ ಚನ್ನಗಿರಿಯ ಅಡಿಕೆ ತೋಟಗಳಿಗೆ, ನಾಲೆಯ ಬದುಗಳಿಗೆ ಹೆಗಲಿಗೆ ನೇತುಹಾಕಿಕೊಳ್ಳುವ ವೀಡ್ ಕಟರ್ ಬಂತು. ಕೊಂಡ ದಿನ ಅಂಗಡಿಯವನು ಹಗ್ಗ ಎಳೆದು ಸ್ಟಾರ್ಟ್ ಮಾಡಿ ತೋರಿಸುತ್ತಾನೆ. ಹಲವರ ತರಬೇತಿ ಅಲ್ಲಿಗೆ ಮುಗಿಯಿತು.

ಹಳೆಯ ಮಿಲ್ಲಿನ ಮೇಸ್ತ್ರಿಯೊಬ್ಬ ಇಂದು ಪಾರ್ಕಿನ ಬೆಂಚಿನ ಮೇಲೆ ಕೂತು ನೋಡಿದರೆ ಅವನ ಮೊದಲ ಮಾತು ಎಂಜಿನ್ ಸ್ಟಾರ್ಟ್ ಮಾಡುವ ಮುಂಚಿನದೇ ಆಗಿರುತ್ತದೆ. ಹುಲ್ಲಿನ ಮೇಲೆ ಒಂದು ಸುತ್ತು ನಡೆದು ಬಾ, ಕಲ್ಲು, ತಂತಿ, ಗಾಜು ಹೆಕ್ಕು. ಮಕ್ಕಳನ್ನೂ ವಾಕಿಂಗಿನವರನ್ನೂ ದೂರ ಕಳಿಸು. ಇಬ್ಬನಿ ಆರಲಿ, ಒದ್ದೆ ಹುಲ್ಲು ಕಾಲಡಿ ಜಾರುತ್ತದೆ, ಮುಚ್ಚಳದ ಕೆಳಗೆ ಮೆತ್ತಿಕೊಂಡು ಯಂತ್ರವನ್ನೂ ಕಟ್ಟಿಹಾಕುತ್ತದೆ. ಕಾಲಿಗೆ ಮುಂಗಾಲು ಮುಚ್ಚುವ ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ, ಕಿವಿಗೆ ಹತ್ತಿಯಲ್ಲ, ಸದ್ದು ತಡೆಯುವ ಮುಚ್ಚಿಗೆ. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಪಾರ್ಕಿನಲ್ಲಿ ದುಡಿಯುವ ಹೆಂಗಸರ ಕೈಗೆ ಈ ಯಂತ್ರ ಕೊಡುವುದಾದರೆ ಮೈಗಂಟಿದ ಬಟ್ಟೆಯನ್ನೂ ಕೆಲಸ ಕೊಟ್ಟವರೇ ಕೊಡಬೇಕು. 1948ರ 22ನೇ ಕಲಮು ಮಿಲ್ಲಿನ ಮಾಲೀಕನಿಗೆ ಹೇಳಿದ್ದು ಗುತ್ತಿಗೆದಾರನಿಗೆ ಯಾಕೆ ಅನ್ವಯಿಸಬಾರದು?

ಪೆಟ್ರೋಲಿನದು ಬೇರೆಯೇ ಅಧ್ಯಾಯ. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿ ಬಿಡುವ ದ್ರವ ಅದು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ, ಈಗಷ್ಟೇ ನಿಲ್ಲಿಸಿದ ಕಾದ ಎಂಜಿನ್ನಿಗೆ, ನೀರಿನ ಪ್ಲಾಸ್ಟಿಕ್ ಬಾಟಲಿಯಿಂದ ಸುರಿಯುವುದನ್ನು ಕಂಡರೆ ಎದೆ ಝಲ್ಲೆನ್ನಬೇಕು. 1934ರ ಪೆಟ್ರೋಲಿಯಂ ಕಾಯ್ದೆ ಮಾರಾಟಕ್ಕಲ್ಲದ 30 ಲೀಟರ್‌ವರೆಗಿನ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಲು ಬಿಡುತ್ತದೆ, ಆದರೆ ಭದ್ರವಾದ ಮುಚ್ಚಳದ ಪಾತ್ರೆಯಲ್ಲಿ. ಗಾಜಿನದಾದರೆ ಒಂದು ಲೀಟರ್, ಲೋಹದ್ದಾದರೆ 25 ಲೀಟರ್ ಮೀರದಂತೆ. ಎಂಜಿನ್ ತಣಿಯಲು ಹತ್ತು ನಿಮಿಷ ಬಿಟ್ಟು, ಹುಲ್ಲಿನ ಮೇಲಲ್ಲದೆ ಬರಿ ನೆಲದ ಮೇಲೆ, ಬೀಡಿ ಹಚ್ಚಿದವರಿಂದ ದೂರ ನಿಂತು ತುಂಬಿಸಬೇಕು. ಶೆಡ್ಡಿನೊಳಗೆ ಎಂಜಿನ್ ಓಡಿಸಿ ನೋಡುವುದೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ತಳ್ಳುವಾಗ ಮುಂದಕ್ಕೇ ತಳ್ಳಬೇಕು. ಹಿಂದಕ್ಕೆ ಎಳೆದುಕೊಂಡರೆ ಯಂತ್ರ ಬರುವುದು ತಳ್ಳುವವನ ಪಾದದ ಮೇಲೆ. ಏರಿಯಂಥ ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಿಸದೆ ಅಡ್ಡಡ್ಡ ಹೋಗಬೇಕು, ಕಾಲು ಜಾರಿದರೂ ಬ್ಲೇಡಿನ ದಾರಿಗೆ ಬೀಳದಂತೆ. ವೀಡ್ ಕಟರ್ ಹಿಡಿದವನ ಸುತ್ತ ಹದಿನೈದು ಮೀಟರ್ ಯಾರೂ ಇರಬಾರದೆಂದು ಅದರ ಕೈಪಿಡಿಗಳು ಹೇಳುತ್ತವೆ. ಬ್ಲೇಡಿನ ಮುಂಭಾಗದ ಬಲ ಅಂಚು, ಗಡಿಯಾರದ ಮುಖದಲ್ಲಿ ಹೇಳುವುದಾದರೆ ಹನ್ನೆರಡರಿಂದ ಎರಡರ ನಡುವಿನ ಜಾಗ, ಬೊಡ್ಡೆಗೆ ತಾಗಿದರೆ ಇಡೀ ಯಂತ್ರ ಹಿಂದಕ್ಕೆ ಒದೆಯುತ್ತದೆ.

ಎಲ್ಲಕ್ಕಿಂತ ಕೆಟ್ಟ ಗಳಿಗೆ ಹುಲ್ಲು ಸಿಕ್ಕಿಕೊಂಡು ಯಂತ್ರ ನಿಂತಾಗ. ಆಗ ಮಾಡಬೇಕಾದ್ದು ಇಷ್ಟು: ಸರಳು ಬಿಡು, ಎಂಜಿನ್ ಆರಿಸು, ಬ್ಲೇಡು ನಿಂತದ್ದನ್ನು ಕಣ್ಣಾರೆ ನೋಡು. ಆಮೇಲೆ ಸ್ಪಾರ್ಕ್ ಪ್ಲಗ್ಗಿನ ರಬ್ಬರ್ ಟೊಪ್ಪಿಗೆ ಹಿಡಿದು ಕಿತ್ತು, ವೈರನ್ನು ಪ್ಲಗ್ಗಿಗೆ ತಾಗದಂತೆ ಪಕ್ಕಕ್ಕೆ ಸರಿಸು. ಪ್ಲಗ್ಗಿಗೆ ವೈರಿದ್ದರೆ ಬ್ಲೇಡನ್ನು ಕೈಯಲ್ಲಿ ಅರ್ಧ ಸುತ್ತು ತಿರುಗಿಸಿದರೂ ಎಂಜಿನ್ ಒಂದು ಸಲ ಉಸಿರೆಳೆದು ಒದೆಯಬಹುದು. ಹಗ್ಗ ಎಳೆಯುವುದಕ್ಕೂ ಬ್ಲೇಡು ತಿರುಗಿಸುವುದಕ್ಕೂ ಎಂಜಿನ್ನಿನ ಲೆಕ್ಕದಲ್ಲಿ ಭೇದವಿಲ್ಲ. ಯಂತ್ರವನ್ನು ಓರೆ ಮಾಡುವಾಗ ಏರ್ ಫಿಲ್ಟರ್ ಇರುವ ಬದಿ ಮೇಲಕ್ಕಿರಲಿ, ಇಲ್ಲವಾದರೆ ಆಯಿಲ್ ಅಲ್ಲಿಗೆ ಇಳಿಯುತ್ತದೆ. ಕೊನೆಗೆ ಹುಲ್ಲು ಬಿಡಿಸುವುದು ಕಟ್ಟಿಗೆಯ ತುಂಡಿನಿಂದ, ಬೆರಳಿನಿಂದಲ್ಲ. ಹರಿಹರದ ಟರ್ನರ್‌ಗೆ ಇದನ್ನು ಎರಡನೇ ಸಲ ಹೇಳಬೇಕಿರಲಿಲ್ಲ: ಪ್ಲಗ್ಗಿನ ವೈರು ಅವನ ಚಕ್ ಕೀಯೇ.

ಪ್ರತಿ ವರ್ಷ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ. ಕಾರ್ಖಾನೆಗಳಲ್ಲಿ ಬ್ಯಾನರ್ ಕಟ್ಟಿ ಪ್ರಮಾಣವಚನ ತೆಗೆದುಕೊಳ್ಳುತ್ತಾರೆ. ಅದು ಪಾರ್ಕಿನ ಗೇಟಿನವರೆಗೆ ಬರಬೇಕು. ದುಬಾರಿ ಕೆಲಸವೂ ಅಲ್ಲ. ಪಾಲಿಕೆಯಾಗಲಿ, ಕಾಲೇಜಾಗಲಿ, ಬಡಾವಣೆಯ ಸಂಘವಾಗಲಿ ಉದ್ಯಾನ ನಿರ್ವಹಣೆಯ ಗುತ್ತಿಗೆ ಪತ್ರ ಬರೆಯುವಾಗ ಮೂರು ಸಾಲು ಸೇರಿಸಲಿ: ಬೂಟು, ಕನ್ನಡಕ, ಬಟ್ಟೆ ಗುತ್ತಿಗೆದಾರನ ಖರ್ಚು, ಹಿಡಿಕೆಯ ಸರಳು ಕಟ್ಟಿದ ಯಂತ್ರಕ್ಕೆ ಬಿಲ್ಲು ಪಾಸಾಗುವುದಿಲ್ಲ, ಯಂತ್ರ ಮುಟ್ಟುವ ಮೊದಲು ಒಂದು ದಿನದ ಪಾಠ. ಪಾಠ ಹೇಳಲು ಜನಕ್ಕೆ ಬರವಿಲ್ಲ, ಎರಡೂ ಊರುಗಳಲ್ಲಿ ನಿವೃತ್ತ ಫಿಟ್ಟರ್, ಟರ್ನರ್, ಜಾಬರ್‌ಗಳು ಇನ್ನೂ ಇದ್ದಾರೆ. ಮುಂಗಾರಿನ ಹುಲ್ಲು ಮೊಣಕಾಲಿಗೆ ಬರುವ ಮುನ್ನ ಅವರಲ್ಲಿ ಯಾರನ್ನಾದರೂ ಕರೆಯಿರಿ.